ಜಡೆಯಲ್ಲಿದ್ದ ಗಂಟು

ಹಾಕಿದ ಉರುಳನ್ನು ಹೊತ್ತೇರುವ ಮೊದಲು ತೆಗೆಯುತ್ತೇನೆ, ಒಂದನ್ನೂ ಬಿಟ್ಟು ಬರುವುದಿಲ್ಲ ಎಂದು ಹನ್ನೊಂದನೆಯ ವಯಸ್ಸಿನಲ್ಲಿ ಅಪ್ಪನಿಗೆ ಮಾತು ಕೊಟ್ಟಿದ್ದೆ. ಕಾಡುಮೊಲ ಹಿಡಿಯುವುದರಲ್ಲಿ ಅಪ್ಪನದು ಪಳಗಿದ ಕೈ. "ಸಿಕ್ಕಿದ ಪ್ರಾಣೀನ ಕಾಯಿಸಬಾರದು ಮಗಳೇ. ಬೇರೆ ಏನು ತಪ್ಪು ಮಾಡಿದರೂ ಬೈದು ಬಿಟ್ಟುಬಿಡ್ತೀನಿ," ಎಂದಿದ್ದ. ಮರೆಯದಿರಲು ಜೇಬಿನಲ್ಲಿ ಒಂದು ದಾರ. ಉರುಳು ಹಾಕಿದಾಗ ಒಂದು ಗಂಟು, ತೆಗೆದಾಗ ಗಂಟು ಬಿಚ್ಚು. ದಾರ ನೆಟ್ಟಗಾದರೆ ಮನೆಗೆ ಹೊರಡು.

ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ನಾನೀಗ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿಯವಳು. ಮೊನ್ನೆ ಪಕ್ಕದ ತರಕಾರಿ ತೋಟದ ಅಜ್ಜ ಬೇಲಿಗೆ ಮೊಣಕೈ ಊರಿ ನಿಂತರು.

"ಏನಮ್ಮಾ, ನಾನು ಕೋಸು ಬೆಳೀತಿರೋದು ಮೊಲಗಳ ಮದುವೆ ಊಟಕ್ಕೆ ಅಂತ ಕಾಣುತ್ತೆ. ನಿಮ್ಮಪ್ಪನ ಕೈಗುಣ ನಿನಗೂ ಇದೆಯಲ್ಲ?"

"ಕೈಗುಣ ಇದೆ ಅಜ್ಜ. ಕಣ್ಣಲ್ಲಿ ನಿದ್ದೇನೂ ಇದೆ."

"ನಿದ್ದೆ ಎಲ್ಲಿಗೂ ಓಡಿಹೋಗಲ್ಲ. ಮೊಲ ಹೋಗುತ್ತೆ."

ಸಂಜೆ ಮಗಳನ್ನು ಕರೆದುಕೊಂಡು ಜಾಡು ನೋಡಿದೆ. ಸಸಿಗಳ ತುದಿ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದಂತಿತ್ತು. ಕಡಲೆಕಾಳಿನಷ್ಟು ದಪ್ಪದ ಹಿಕ್ಕೆ, ಒತ್ತಿದರೆ ಇನ್ನೂ ಮೆತ್ತಗೆ. ಬೇಲಿಯ ಕೆಳತಂತಿಗೆ ಕಂದು ಕೂದಲು. ಅಲ್ಲಿಂದಾಚೆ ಹುಲ್ಲಿನ ನಡುವೆ ಅಂಗೈಯಗಲದ ದಾರಿ. ಅಷ್ಟು ದೊಡ್ಡ ಬಯಲಿದ್ದರೂ ಮೊಲ ತುಳಿದ ದಾರಿಯನ್ನೇ ತುಳಿಯುತ್ತದೆ ಎಂದು ಮಗಳಿಗೆ ತೋರಿಸಿದೆ.

"ನಿನ್ನ ಹಾಗೇ ಅಮ್ಮಾ. ಮನೆ, ಲಾಂಡ್ರಿ. ಲಾಂಡ್ರಿ, ಮನೆ."

"ಬಾಯಿ ಸಾಕು, ತಂತಿ ಕೊಡು."

ಕುಣಿಕೆ ಒಂದು ಮುಷ್ಟಿಯಗಲ, ನೆಲದಿಂದ ನಾಲ್ಕು ಬೆರಳು ಮೇಲೆ. ಆರು ಉರುಳು ಹಾಕಿದೆ, ಆರು ಗಂಟು ಕಟ್ಟಿದೆ. ಮನೆಗೆ ಬಂದು ಕೋಟನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ ಮಲಗಿದ್ದಷ್ಟೇ ಗೊತ್ತು.

ಮುಂಜಾವದ ಮಬ್ಬಿನಲ್ಲಿ ಹೋಗಿ ಉರುಳುಗಳನ್ನು ತೆಗೆದೆ. ಎಲ್ಲವೂ ಖಾಲಿ. ದಾರ ನೆಟ್ಟಗಾಯಿತು. ತಂತಿಯ ಸುರುಳಿ ಕೈಗೆ ಯಾಕೋ ಹಗುರವೆನಿಸಿತು. ಆದರೆ ಏಳಕ್ಕೆ ಲಾಂಡ್ರಿಯ ಗೇಟು ಹಾಕುತ್ತಾರೆ. ಎಣಿಸುತ್ತ ನಿಲ್ಲಲಿಲ್ಲ.

ಮಧ್ಯಾಹ್ನ ಮಗಳು ಊಟದ ಡಬ್ಬಿ ತಂದಳು. ಆ ದಿನ ಶಾಲೆಗೆ ರಜೆ. ಅವಳ ಜಡೆಯ ತುದಿಗೆ ಗಿಡ್ಡ ದಾರವೊಂದು ಸುತ್ತಿತ್ತು, ಅದರ ಮಧ್ಯೆ ಬಿಗಿಯಾದ ಒಂದು ಗಂಟು.

"ಇದೆಲ್ಲಿತ್ತೇ?"

"ನಿನ್ನ ಕೋಟಲ್ಲಿ. ನಿನ್ನೆ ಮಲಗೋವಾಗ ಕ್ಲಿಪ್ಪು ಮುರೀತು, ಒಂದು ಚೂರು ಕತ್ತರಿಸ್ಕೊಂಡೆ. ಯಾಕಮ್ಮಾ?"

ಹಾಗಾದರೆ ಒಂದು ಉರುಳು ಇನ್ನೂ ಅಲ್ಲೇ ಇತ್ತು. ತೆಗೆಯಲು ಹೇಳೋಣವೆಂದರೆ ಅಜ್ಜ ಸಂತೆಗೆ ಹೋಗಿದ್ದರು. ರಜೆ ಕೇಳಲು ಲಾಂಡ್ರಿ ಮೇಸ್ತ್ರಿಯ ಹತ್ತಿರ ಓಡಿದೆ.

"ಇಬ್ಬರು ರಜೆ ಹಾಕಿದಾರೆ ಕಣಮ್ಮ. ನೀನೂ ಹೊರಟರೆ ಈ ಬೆಡ್‌ಶೀಟೆಲ್ಲ ನನ್ನ ಬೆನ್ನ ಮೇಲೆ ಹಾಸಿ ಇಸ್ತ್ರಿ ಮಾಡ್ಕೋಬೇಕು. ಈ ಗಾಡಿಯಷ್ಟು ಮುಗಿಸಿ ಹೋಗು."

ಬಿಟ್ಟು ಹೋಗಬಹುದಿತ್ತು. ಹೊತ್ತು ಹೇಗೂ ಏರಿಯಾಗಿದೆ, ಐದು ಖಾಲಿ ಇದ್ದವು, ಆರನೆಯದೂ ಖಾಲಿಯೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಗಾಡಿ ಮುಗಿಯಲು ಒಂದು ಗಂಟೆ ಹಿಡಿಯಿತು. ಆಮೇಲೆ ಮಗಳನ್ನು ಕರೆದುಕೊಂಡು ಓಡಿದೆ.

ಆರನೆಯ ಉರುಳು ಮುಳ್ಳುಪೊದೆಯ ಹಿಂದಿತ್ತು. ತಂತಿ ಎಟುಕುವಷ್ಟು ದೂರಕ್ಕೂ ಹುಲ್ಲು ಕಿತ್ತುಹೋಗಿ ಗುಂಡಗೆ ಮಣ್ಣು ಕಾಣುತ್ತಿತ್ತು. ಮೊಲ ಸತ್ತಿತ್ತು. ಮುಟ್ಟಿ ನೋಡಿದೆ, ಮೈ ಇನ್ನೂ ಬೆಚ್ಚಗಿತ್ತು. ಕುಣಿಕೆ ಬಿಡಿಸಿದೆ.

ಮಗಳು ಜಡೆಯ ದಾರವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. "ನನ್ನಿಂದಾನಾ ಅಮ್ಮಾ?"

"ನಿನಗೇನು ಗೊತ್ತಿತ್ತು? ನನಗೆ ಗೊತ್ತಾದ ಮೇಲೂ ಇದು ಬದುಕಿತ್ತು."

ದಾರ ಇಸಿದುಕೊಂಡು ಗಂಟು ಬಿಚ್ಚಿದೆ. ಅಪ್ಪನಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.