ಧೂಳಮ್ಮನ ಪಾಲಿನ ಶರಬತ್ತು

“ಗಡಿಗಿ ಎಲ್ಲಿ ಹ್ವಾದ್ವು?”

ಶೇವಂತಾಬಾಯಿ ಕೇಳಿದ್ದು ಯಾರನ್ನೂ ಅಲ್ಲ. ಹುಮನಾಬಾದಿನ ಬಸ್‌ಸ್ಟ್ಯಾಂಡ್ ಎದುರಿನ ಬೇವಿನ ಮರದಡಿ ಚಪ್ಪರವಿರಲಿಲ್ಲ, ಗಡಿಗೆಯಿಟ್ಟ ಗುರುತೂ ಇರಲಿಲ್ಲ. ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ ಇಸ್ಮಾಯಿಲ ತಲೆಯೆತ್ತಿದ.

“ಬಕ್ಕಪ್ಪ ಸಾವ್ಕಾರರ ಅರವಟಿಗಿ ಇಲ್ಲೇ ಇತ್ತಲ್ಲಪ್ಪಾ?”

“ಆರು ವರ್ಷದಿಂದ ಈ ಗಿಡದ ಬುಡಕ್ಕೇ ಕುಂತೀನ್ರಿ ಅಮ್ಮಾ, ಅರವಟಿಗಿ ಕಂಡಿಲ್ರಿ. ನೀರಡಿಸಿದ್ರ ನನ್ನ ತಂಬಿಗ್ಯಾಗ ಅದ, ಕುಡೀರಿ.”

ಅವಳು ಬೊಗಸೆಯೊಡ್ಡಿ ಕುಡಿದಳು. ಅದು ಎಪ್ಪತ್ತೆಂಟರ ಬೇಸಿಗೆ. ಹನ್ನೊಂದಕ್ಕೇ ನೆಲ ಕಾದಿತ್ತು.

ಮೂರು ಬೇಸಿಗೆಯಿಂದ ಕಲ್ಯಾಣದ ತನ್ನ ಮನೆಯಲ್ಲಿ ಅವಳು ಸಂತ್ರಾ ಹಣ್ಣಿನ ಸಿಪ್ಪೆಯ ಬಿಳಿ ಕೆರೆದು, ಏಲಕ್ಕಿ ಜಜ್ಜಿ ಹಾಕಿ, ಪಾಕ ಹಿಡಿಯುತ್ತಿದ್ದಳು. ಗಡಿಯಾರ ನೋಡಿದವಳಲ್ಲ. ಅಪ್ಪ ಬಾಯಿಪಾಠ ಮಾಡಿಸಿದ ವಚನಗಳನ್ನು ಒಲೆಯ ಮುಂದೆ ಒಂದೊಂದಾಗಿ ಹೇಳಿ ಮುಗಿಸುವ ಹೊತ್ತಿಗೆ ಪಾಕ ಎಳೆ ಬಂದಿರುತ್ತಿತ್ತು. ಮೊದಲ ಚಮಚ ಅಂಗೈಯ ಲಿಂಗಕ್ಕೆ ಅರ್ಪಣೆ, ಉಳಿದದ್ದು ಭರಣಿಗೆ. ತಮ್ಮ ಬಕ್ಕಪ್ಪ ಬಂದು ಒಯ್ಯುತ್ತಿದ್ದ. ಹುಮನಾಬಾದಿನಲ್ಲಿ ಅವನದು ಕಾಳುಕಡಿಯ ಅಡತಿ ಅಂಗಡಿ. ದಾರಿಹೋಕರಿಗೆ ಅರವಟಿಗೆ ಹಾಕಿದ್ದೇನೆ, ಗಡಿಗೆ ನೀರಿಗೆ ಈ ಪಾಕ ಬೆರೆಸಿ ಕೊಡುತ್ತೇನೆ ಎಂದಿದ್ದ. ಮುಂದಿನ ಸಲ ಬಂದಾಗ ಯಾರ್‍ಯಾರು ಕುಡಿದರೆಂದು ಹೇಳುತ್ತಿದ್ದ. ಅವರಲ್ಲಿ ಚಿಟಗುಪ್ಪದ ಕಡೆಯ ಕುರಿಕಾಯುವ ಮುದುಕಿ ಧೂಳಮ್ಮ ಎಂದರೆ ಶೇವಂತಾಬಾಯಿಗೆ ಬಲು ಅಕ್ಕರೆ. ಕುಡಿದ ಬಟ್ಟಲನ್ನು ಕಣ್ಣಿಗೊತ್ತಿಕೊಂಡು, “ಮಾಡಿದ ಕೈ ತಣ್ಣಗಿರಲಿ” ಅಂದಿದ್ದಳಂತೆ. ಅಂದಿನಿಂದ ಆ ಮುದುಕಿಯ ಹೆಸರಿನಲ್ಲಿ ಒಂದು ಭರಣಿ ಹೆಚ್ಚಿಗೆ ಮಾಡಿ, ಗುರುತಿಗೆ ಅದರ ಕೊರಳಿಗೊಂದು ದಾರ ಕಟ್ಟುತ್ತಿದ್ದಳು. ಈ ಸಲ ಅವಳಿಗೆಂದೇ ಒಂದು ಕುಪ್ಪಸದ ಖಣ ಚೀಲದಲ್ಲಿತ್ತು.

ತಮ್ಮನ ಮನೆಯ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಹೊಡೆದಿದ್ದರು. ಒಳಗೆ ನಗೆ. ತಟ್ಟಿಯ ಸಂದಿಯಿಂದ ಅವಳದೇ ಏಲಕ್ಕಿ, ಅವಳದೇ ಸಂತ್ರಾ ಮೂಗಿಗೆ ಬಡಿಯಿತು. ಜೊತೆಗೆ ಇನ್ನೇನೋ ಘಾಟು.

“ಬ್ರಾಂಡಿ ಯಾವಾಗ ಬೆರಸ್ತೀಯೋ ಬಕ್ಕಪ್ಪಾ?” ತಮ್ಮನ ಗೆಳೆಯ ಸಂಗಪ್ಪನ ದನಿ.

“ಭರಣಿ ಬಂದ ದಿನಾನೇ ಸುರಿದು ಬಾಯಿ ಕಟ್ಟಿಬಿಡ್ತೀನಿ. ಎರಡ್ಮೂರು ದಿನಕ್ಕ ಬಿಚ್ಚೋದು. ಬರ್ಫ ಕುಟ್ಟಿ ಹಾಕು, ನಿಂಬಿ ಹಿಂಡು, ಮ್ಯಾಲ ಗೋಲಿ ಸೋಡಾ.”

“ಹೈದರಾಬಾದಿನ ಹೋಟೆಲಿನಾಗ ವಿಲಾಯ್ತಿ ಸಂತ್ರಾ ದಾರೂ ಕುಡದೀನಿ. ಇದರ ಮುಂದ ಅದು ಕೆಮ್ಮಿನ ಔಷಧ. ಅಕ್ಕಗ ಗೊತ್ತದ ಏನು?”

“ಆಕಿಗಿ ಬ್ಯಾರೆ ಕತಿ ಅದ. ಧೂಳಮ್ಮ ಅಂತ ಒಬ್ಬಾಕಿನ್ನ ಹುಟ್ಟಿಸೀನಿ. ಆ ಹೆಸರು ಹೇಳಿದ್ರ ಸಾಕು, ಅಕ್ಕ ಒಂದು ಭರಣಿ ಜಾಸ್ತಿ ಮಾಡ್ತಾಳ.”

ಶೇವಂತಾಬಾಯಿ ತಟ್ಟಿ ಸರಿಸಿದಳು. ಸಂಗಪ್ಪ ಗ್ಲಾಸು ಕೆಳಗಿಟ್ಟು, ಚಪ್ಪಲಿ ಹುಡುಕಿಕೊಂಡು ಗೋಡೆಗುಂಟ ಹೊರಬಿದ್ದ.

“ಅಕ್ಕಾ, ಯಾವಾಗ ಬಂದಿ?” ಬಕ್ಕಪ್ಪ ಎದ್ದು ನಿಂತ.

“ಧೂಳಮ್ಮ ಇಲ್ಲೇನು?”

ಅವನು ನೆಲ ನೋಡಿದ. “ನೀ ಖುಷಿಯಾಗ್ತಿದ್ದಿ. ಅದಕ್ಕ ಹೇಳಿದ್ನಿ.”

“ಮೊದಲನೇ ಚಮಚ ಲಿಂಗಕ್ಕ ಕೊಡ್ತಿದ್ದೆ, ಬಕ್ಕಾ.”

“ನೀ ಕೊಟ್ಟದ್ದು ಬರೇ ಶರಬತ್ತು. ದಾರೂ ಹಾಕಿದಾವ ನಾ. ಪಾಪ ಬಂದ್ರ ನನಗ ಬರಲಿ.”

ಒಲೆಯ ಮುಂದೆ ಕುಳಿತು ಇಷ್ಟು ದಿನ ಯಾರ ನೀರಡಿಕೆಗೆಂದು ವಚನ ಹೇಳಿದೆ ಎಂದು ಅವಳು ಎದೆಯೊಳಗೆ ತಡಕಾಡಿದಳು. ಯಾರ ಮುಖವೂ ಸಿಗಲಿಲ್ಲ. ಮೇಜಿನ ಮೇಲಿದ್ದ ಭರಣಿಯ ಕೊರಳಲ್ಲಿ ಅವಳು ಕಟ್ಟಿದ ದಾರ ಹಾಗೇ ಇತ್ತು.

“ಸಿಟ್ಟಾಗಬ್ಯಾಡ ಅಕ್ಕಾ,” ಬಕ್ಕಪ್ಪ ಹತ್ತಿರ ಬಂದ. “ಸೋಮವಾರ ತೊಗರಿ ಖರೀದಿಗೆ ಹೈದರಾಬಾದಿನವರು ಬರಾಕತ್ತಾರ. ಇದನ್ನೇ ಕುಡಸ್ತೀನಿ ಅಂತ ಮಾತು ಕೊಟ್ಟೀನಿ. ಇದೊಂದು ಸಲ ಮಾಡಿಕೊಡು. ಆಮ್ಯಾಲ ಖರೇನೇ ಅರವಟಿಗಿ ಹಾಕ್ತೀನಿ, ನಿನ್ನಾಣಿ.”

ಶೇವಂತಾಬಾಯಿ ಭರಣಿಯ ದಾರ ಬಿಚ್ಚಿ, ಖಣದ ಜೊತೆ ಚೀಲಕ್ಕೆ ಹಾಕಿಕೊಂಡಳು.

“ನಾ ಮಾಡಂಗಿಲ್ಲ,” ಅಂದಳು.