ಬಸ್ಸಿನ ಮೇಲೆ ನೆವಿಲ್‌ನ ಮುಖ

ನಮ್ಮ ವಾರಿಂಡಾಗೆ ‘ವಯಸ್ಸಾದವರಿಗೆ ಹೇಳಿ ಮಾಡಿಸಿದ ಊರು’ ಅಂತ ಪ್ರಶಸ್ತಿ ಬಂದಿದೆ. ಕೊಟ್ಟವರಲ್ಲಿ ಒಬ್ಬರೂ ಇಲ್ಲಿ ಒಂದು ರಾತ್ರಿ ತಂಗಿದವರಲ್ಲ.

ನಾನು ಗ್ಲೆನಿಸ್. ಮೂವತ್ತೊಂದು ವರ್ಷ ಈ ಊರಿನ ಪೋಸ್ಟ್ ಆಫೀಸು ನಡೆಸಿದವಳು. ಲಕೋಟೆಯ ಮೇಲಿನ ಕೈಬರಹ ನೋಡಿಯೇ ಕಾಗದ ಯಾರು ಬರೆದದ್ದೆಂದು ಹೇಳುತ್ತಿದ್ದೆ. ಈಗ ಎಂಬತ್ತೊಂದು. ಬಲಗಣ್ಣು ಹೋಗಿ ಎಷ್ಟೋ ಕಾಲವಾಯಿತು. ಎಡಗಣ್ಣಿಗೆ ನಾಲ್ಕು ವಾರಕ್ಕೊಮ್ಮೆ ಸೂಜಿ ಚುಚ್ಚಿಸಿಕೊಂಡರೆ ಉಳಿಯುತ್ತದೆ, ಬಿಟ್ಟರೆ ಇಲ್ಲ. ಸೂಜಿ ಹಾಕುವ ಆಸ್ಪತ್ರೆ ತೊಂಬತ್ತು ಕಿಲೋಮೀಟರ್ ದೂರ. ಹೋಗಲು ಇದ್ದದ್ದು ಊರಾಡಳಿತ ನೋಡುವ ಕೌನ್ಸಿಲ್ಲಿನ ಪುಟ್ಟ ಬಸ್ಸೊಂದೇ. ಅದನ್ನು ಹದಿನಾಲ್ಕು ವರ್ಷ ಓಡಿಸಿದವನು ನೆವಿಲ್, ಬಿಡಿಗಾಸೂ ಪಡೆಯದೆ. ಅವನಿಗೆ ಎಂಬತ್ತಮೂರು. ಗೋಧಿ ಲಾರಿ ಓಡಿಸಿ ಪಳಗಿದ ಕೈ, ಬಸ್ಸಿಗೆ ಒಂದು ಗೀರೂ ಮಾಡಿದವನಲ್ಲ.

ಹೋದ ವರ್ಷ ಕೌನ್ಸಿಲ್ಲಿನ ಟೀಗನ್ ಎಂಬ ಹುಡುಗಿ ಮುದುಕರನ್ನೆಲ್ಲ ಹಾಲ್‌ಗೆ ಕರೆಸಿ, ಟೀ ಕೊಟ್ಟು, ದಪ್ಪಕ್ಷರದ ಹಾಳೆ ಹಂಚಿದಳು. ಓಡಾಡಲು ಕಷ್ಟವಿದೆಯೇ? ಸಹಾಯ ಬೇಕೇ? ಗುರುತು ಹಾಕಬೇಕು, ಅಷ್ಟೆ. ಈ ಕಡೆಯ ನಾವು ಗೋಳು ಹೇಳಿಕೊಳ್ಳುವ ಜನವಲ್ಲ. ಹಾವು ಕಚ್ಚಿದವನನ್ನು ಕೇಳಿದರೂ ‘ಪರವಾಗಿಲ್ಲ’ ಅಂತಾನೆ. ವಾಕರ್ ಹಿಡಿದು ಬಂದ ಮರ್ಲ್ ನಡೆಯಲು ಏನೂ ತೊಂದರೆ ಇಲ್ಲ ಎಂದು ಗುರುತು ಹಾಕಿದಳು. ನಾನೂ ಎಲ್ಲ ಕಡೆ ಅದನ್ನೇ ಹಾಕಿದೆ.

ನೆವಿಲ್ ನನ್ನ ಹಾಳೆಗೆ ಇಣುಕಿದ. “ಏನ್ ಗ್ಲೆನಿಸ್, ಹದಿನೆಂಟರ ಹುಡುಗಿ ಥರ ತುಂಬಿಸಿದ್ದೀಯ?”

“ನೀನೇನ್ ಹಾಕ್ದೆ?”

“ನಾನಾ? ಶನಿವಾರ ಫುಟ್‌ಬಾಲ್ ಆಡೋಕೂ ರೆಡಿ ಅಂತ.”

ನಕ್ಕೆವು. ಆ ನಗು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಆರು ತಿಂಗಳಿಗೆ ಕೌನ್ಸಿಲ್ಲಿನ ವರದಿ ಬಂತು. ಮುದುಕರು ಸಂಬಳವಿಲ್ಲದೆ ಮಾಡುವ ಕೆಲಸದಿಂದ ಊರಿಗೆ ವರ್ಷಕ್ಕೆ ಮೂವತ್ತು ಲಕ್ಷ ಡಾಲರ್ ಲಾಭವಂತೆ. ನಮ್ಮ ಪಿಂಚಣಿಯಿಂದಲೇ ಔಷಧಿ ಅಂಗಡಿ, ಮಾಂಸದಂಗಡಿ ಬಾಗಿಲು ತೆರೆದಿವೆಯಂತೆ. “ಮೂವತ್ತು ಲಕ್ಷ! ಒಂದು ಬಿಯರ್ ಆದ್ರೂ ಕೊಡಿಸ್ಬಹುದಿತ್ತು, ಕಳ್ಳರು,” ಅಂದ ನೆವಿಲ್.

ಅದರ ಬೆನ್ನಿಗೇ ಇನ್ನೊಂದು ಕಾಗದ. ಎಂಬತ್ತು ದಾಟಿದ ಡ್ರೈವರಿಗೆ ವಿಮೆ ಇಲ್ಲ, ಆದ್ದರಿಂದ ನೆವಿಲ್ ಬೀಗದ ಕೈ ಒಪ್ಪಿಸಬೇಕು. ಬಸ್ಸು ಶೆಡ್ಡು ಸೇರಿತು. ನಾನು ಕೌನ್ಸಿಲ್ ಆಫೀಸಿಗೆ ಹೋದೆ.

“ಸಂಬಳ ಕೊಟ್ಟು ಬೇರೆ ಡ್ರೈವರ್‌ನ ಇಡ್ರಿ,” ಅಂದೆ.

“ಅದಕ್ಕೆ ಸರ್ಕಾರದ ಹತ್ರ ದುಡ್ಡು ಕೇಳಿದ್ವಿ ಡಿಯರ್,” ಅಂದಳು ಟೀಗನ್. “ಆದ್ರೆ ಓಡಾಡೋಕೆ ಕಷ್ಟ ಅಂತ ಒಬ್ರೂ ಬರೆದಿಲ್ವಲ್ಲ? ಇನ್ನೂರ ಹನ್ನೆರಡು ಜನದಲ್ಲಿ ಒಬ್ರೂ ಇಲ್ಲ. ನಿಮ್ಮ ಹಾಳೆ ಬೇಕಾದ್ರೆ ತೋರಿಸ್ತೀನಿ.”

ತೋರಿಸಿದಳು. ನನ್ನದೇ ಗುರುತು, ನೇರವಾಗಿ, ಪೋಸ್ಟ್ ಆಫೀಸಿನವಳ ಅಚ್ಚುಕಟ್ಟು. ಎದ್ದು ಬಂದೆ.

ಸಂಜೆ ನೆವಿಲ್ ನಮ್ಮಿಬ್ಬರ ಮನೆ ನಡುವಿನ ಬೇಲಿಯ ಹತ್ತಿರ ಬಂದ. “ನನ್ನ ಹಳೇ ವ್ಯಾನ್ ಇದೆ ಮಾರಾಯ್ತಿ. ಅದಕ್ಕೆ ಯಾವ ಕೌನ್ಸಿಲ್ಲೂ ಅಡ್ಡ ಬರೋ ಹಾಗಿಲ್ಲ. ಗುರುವಾರ ಸೂಜಿಗೆ ಕರ್ಕೊಂಡ್ ಹೋಗ್ಲಾ?”

ಅವನ ಹೆಂಡತಿ ಆಗಷ್ಟೇ ಹಾಸಿಗೆ ಹಿಡಿದಿದ್ದಳು. ಇಡೀ ದಿನ ಅವಳನ್ನು ಬಿಟ್ಟು ನನಗಾಗಿ ವ್ಯಾನ್ ತೆಗೆಯುವುದೆಂದರೆ ಋಣ. ಬಸ್ಸಾದರೆ ಎಲ್ಲರದು, ಅದರಲ್ಲಿ ಹತ್ತಲು ನಾಚಿಕೆಯಿರಲಿಲ್ಲ.

“ಬೇಡಪ್ಪ,” ಅಂದೆ. “ಕಣ್ಣು ಚೆನ್ನಾಗಿದೆ, ಮೂರು ತಿಂಗಳಿಗೊಮ್ಮೆ ಬಂದ್ರೆ ಸಾಕು ಅಂದಿದ್ದಾರೆ ಡಾಕ್ಟ್ರು.”

“ನಿಜವಾಗ್ಲೂ?”

“ನಿನ್ನ ಹತ್ರ ಸುಳ್ಳು ಹೇಳಿ ನನಗೇನ್ ಸಿಗ್ಬೇಕು?”

ನಂಬಿದ. ಒಂದು ಸೂಜಿ ತಪ್ಪಿತು, ಇನ್ನೊಂದು, ಮತ್ತೊಂದು. ಮೊದಲು ಕಿಟಕಿಯ ಚೌಕಟ್ಟು ಸೊಟ್ಟಗಾಯಿತು. ಆಮೇಲೆ ನೋಡಿದ್ದೆಲ್ಲದರ ನಡುಮಧ್ಯೆ ಬೂದಿ ಬಣ್ಣದ ಕಲೆಯೊಂದು ಕೂತುಬಿಟ್ಟಿತು. ಅಂಚುಗಳು ಕಾಣುತ್ತಿದ್ದವು. ಯಾರಿಗೂ ಹೇಳಲಿಲ್ಲ. ದನಿ ಕೇಳಿ ಜನರನ್ನು ಗುರುತಿಸುತ್ತಾ ದಿನ ತಳ್ಳಿದೆ.

ಪ್ರಶಸ್ತಿಯ ಸಮಾರಂಭಕ್ಕೆ ಬಸ್ಸನ್ನು ಶೆಡ್ಡಿನಿಂದ ಎಳೆದು ತಂದು ಹಾಲ್ ಮುಂದೆ ನಿಲ್ಲಿಸಿದರು. ಹೊಸ ಬಣ್ಣ ಬಳಿದು, ಒಂದು ಮಗ್ಗುಲಿಗೆ ನೆವಿಲ್‌ನ ದೊಡ್ಡ ಚಿತ್ರ ಅಂಟಿಸಿದ್ದರಂತೆ, ಊರಿನ ಸೇವಕ ಎಂದು. ಕೀಲಿಕೈ ಕಿತ್ತುಕೊಂಡವರೇ ಮುಖ ಅಂಟಿಸಿದ್ದರು. ಟೀ ಜೊತೆಗಿನ ಸ್ಕೋನ್ ಬನ್ನು ಬೇಯಿಸಿ ತಂದವರು, ಕುರ್ಚಿ ಜೋಡಿಸಿದವರು ನಾವೇ, ಮುದುಕಿಯರು. ಮೂವತ್ತು ಲಕ್ಷಕ್ಕೆ ಇನ್ನಷ್ಟು ಸೇರಿಸಿಕೊಳ್ಳಲಿ.

ನೆವಿಲ್ ನನ್ನ ಪಕ್ಕ ಬಂದು ನಿಂತ. “ನೋಡೇ ಗ್ಲೆನಿಸ್, ಹೇಗೆ ಬಂದಿದ್ದೀನಿ?”

ನನಗೆ ಚಕ್ರ ಕಂಡಿತು, ಬಸ್ಸಿನ ಮಾಡು ಕಂಡಿತು. ನಡುವೆ ಬರೀ ಬೂದಿ.

“ಚೆನ್ನಾಗಿ ಬಂದಿದ್ದೀಯ. ನಗುವಂತೂ ಥೇಟ್ ನಿಂದೇ,” ಅಂದೆ.

ಒಳಗೆ ಮೇಯರ್ ಹಿರಿಯರ ಸುಖ ಸಂತೋಷದ ಅಂಕಿಅಂಶ ಓದುತ್ತಿದ್ದುದು ಕೇಳುತ್ತಿತ್ತು. ನೆವಿಲ್ ನನ್ನ ಮೊಣಕೈ ಹಿಡಿದ.

“ಗ್ಲೆನಿಸ್,” ಅಂದ ಮೆಲ್ಲಗೆ, “ಅದ್ರಲ್ಲಿ ನಾನು ನಗ್ತಾ ಇಲ್ಲ.”

ಕಾಣಿಸುವುದಿಲ್ಲ ಅಂತ ಆಗ ಬಾಯಿಬಿಟ್ಟು ಹೇಳಿದೆ. ಕಷ್ಟವಿದೆ ಅಂತ ಹೇಳಬೇಕಾಗಿದ್ದ ಜಾಗ ಟೀಗನ್ ಹಂಚಿದ ಆ ಹಾಳೆಯಲ್ಲಿತ್ತು.