ಮೇಲಕ್ಕೆ ಬಿದ್ದ ಕಲ್ಲು

ನನ್ನ ಹೆಂಡತಿಗೂ ಅವಳ ಅಣ್ಣನಿಗೂ ಮನಸ್ತಾಪ ಬಂದದ್ದು ಆಸ್ತಿಗಾಗಿ ಅಲ್ಲ, ಒಂದು ಪೆಟ್ಟಿಗೆ ಕಲ್ಲಿಗಾಗಿ. ಬೇರೆ ಮನೆಗಳಲ್ಲಿ ಇಂಥದ್ದು ನಡೆಯುವುದಿಲ್ಲ ಅಂತ ನನಗೂ ಗೊತ್ತು. ಏನು ಮಾಡುವುದು, ನಮ್ಮ ಮೂವರ ಹೊಟ್ಟೆಪಾಡೂ ಕಲ್ಲಿನದೇ. ಭಾವ ನೆಲ ಕೊರೆಯುವ ಯಂತ್ರ ನಡೆಸುತ್ತಾರೆ. ಆಳದಿಂದ ಅವರು ಎತ್ತುವ ತೋಳಿನಷ್ಟು ದಪ್ಪದ ಕಲ್ಲಿನ ದಿಂಡುಗಳನ್ನು ನನ್ನವಳು ತೊಳೆದು, ಪದರ ಪದರವಾಗಿ ಓದುತ್ತಾಳೆ; ಅವಳು ಭೂವಿಜ್ಞಾನಿ. ನಾನು ಅವನ್ನು ಗರಗಸಕ್ಕೆ ಕೊಟ್ಟು ಉದ್ದಕ್ಕೆ ಸೀಳುತ್ತೇನೆ.

ಓದುವುದೆಂದರೆ ಇಷ್ಟೇ: ಕೆಳಗಿನದು ಹಳೆಯದು, ಮೇಲಿನದು ಹೊಸದು. ಇವಳ ಪ್ರಕಾರ ನಾವು ನಿಂತ ನೆಲ ಒಂದಾನೊಂದು ಕಾಲದಲ್ಲಿ ಭೂಮಿಯ ದಕ್ಷಿಣ ತುದಿಯಲ್ಲಿ, ಮಂಜುಗಡ್ಡೆಯ ಅಡಿಯಲ್ಲಿತ್ತು. ಆಮೇಲೆ ಇಡೀ ಖಂಡವೇ ಬಿಸಿಲಿನ ಕಡೆಗೆ ತೆವಳಿತು. ಮಂಜು ಕರಗಿ ಸರೋವರವಾಯಿತು, ಸರೋವರ ತುಂಬಿ ಜೌಗುಕಾಡಾಯಿತು, ಕಾಡು ಒಣಗಿ ಕೆಂಪು ಮರಳುಗಾಡಾಯಿತು. ಎಲ್ಲಕ್ಕೂ ಕೋಟ್ಯಂತರ ವರ್ಷ ಹಿಡಿಯಿತು. ಅದರ ಮುಂದೆ ನಮ್ಮ ಕಚೇರಿಯ ಕಡತಗಳೂ ಚುರುಕೇ.

ಆ ಪೆಟ್ಟಿಗೆಯಲ್ಲಿ ಮಾತ್ರ ಎಲ್ಲ ಎಡವಟ್ಟಾಗಿತ್ತು. ಕಾಡಿನ ಕರಿ ಪದರ ಕೆಳಗೆ, ಮಂಜಿನ ಕಾಲದ ಬೂದು ಕೆಸರು ಮೇಲೆ, ಅದರ ಮೇಲಿನ ಪೆಟ್ಟಿಗೆಯಲ್ಲಿ ನೇರ ಮರಳುಗಾಡು.

"ಖಂಡ ಏನು ಕಪ್ಪೆನಾ, ಹಿಮದಿಂದ ಮರಳಿಗೆ ಒಂದೇ ಸಲ ಹಾರೋಕೆ?" ಎಂದಳು ಇವಳು, ಎಲ್ಲರ ಎದುರಿಗೆ. "ಅಣ್ಣ, ನೀನು ದಿಂಡನ್ನ ತಲೆಕೆಳಗಾಗಿ ಇಟ್ಟಿದ್ದೀಯ."

ದಿಂಡು ಹೊರಬಂದ ಕೂಡಲೇ ಭಾವ ಅದರ ಮೈಮೇಲೆ ಜೋಡಿ ಗೆರೆ ಎಳೆಯುತ್ತಾರೆ. ತಲೆ ಮೇಲಾಗಿ ನಿಲ್ಲಿಸಿದರೆ ಕೆಂಪು ಬಲಕ್ಕೆ, ನೀಲಿ ಎಡಕ್ಕೆ ಬರಬೇಕು. ಅವರ ಗೆರೆ ತಪ್ಪಿದ್ದನ್ನು ಈವರೆಗೆ ಯಾರೂ ಕಂಡವರಿಲ್ಲ. ಅಂದು ಅವರು ಕೈಗವಸು ಕಳಚಿ ಹೊರಟುಹೋದರು. ಆಮೇಲೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಚಳಿಗಾಲವೆಲ್ಲ ಹೀಗೇ ಕಳೆಯಿತು. ಫೋನ್ ಮಾಡು ಅಂದರೆ ಇವಳು "ಅವನೇ ಮಾಡ್ಲಿ" ಅನ್ನುತ್ತಿದ್ದಳು. ನಾನೇ ಮಾಡಿದರೆ ಅವರು "ಕೆಲಸ ಇದೆ ಮಾರಾಯ" ಎಂದು ಇಟ್ಟುಬಿಡುತ್ತಿದ್ದರು. ರಜೆಯ ದಿನ ಊಟಕ್ಕೆ ಅವರು, ಊಟದ ಮೇಲೆ ಇಸ್ಪೀಟು, ಇಸ್ಪೀಟಿನಲ್ಲಿ ಅವರ ಕಳ್ಳಾಟ, ಇವೆಲ್ಲ ಇಲ್ಲದೆ ಮನೆ ಸಪ್ಪೆಯಾಗಿತ್ತು. ನನಗಂತೂ ಆ ಮನುಷ್ಯ ವಾಪಸು ಬೇಕಾಗಿತ್ತು.

"ಸೀಳಿ ನೋಡಿದ್ರೆ ಯಾವುದು ಮೇಲು ಯಾವುದು ಕೆಳಗು ಗೊತ್ತಾಗಲ್ವಾ?" ಎಂದು ಒಮ್ಮೆ ಕೇಳಿದೆ.

"ಗೊತ್ತಾಗುತ್ತೆ. ನಾನು ತಪ್ಪಾಗಿದ್ರೆ ಇಷ್ಟು ವರ್ಷದ ನನ್ನ ಕೆಲಸ ಹೋಯ್ತು. ನಾನು ಸರಿಯಾಗಿದ್ರೆ ಅಣ್ಣ ಹೋದ," ಎಂದಳು. ಪೆಟ್ಟಿಗೆ ಹಾಗೇ ಕೂತಿತ್ತು.

ಕೊನೆಗೆ ಕಚೇರಿಯ ಮೇಲಧಿಕಾರಿಗಳು ತಾಳ್ಮೆಗೆಟ್ಟು, ಆ ದಿಂಡು ಇವತ್ತೇ ಸೀಳಿಯಾಗಬೇಕು ಎಂದರು. ನಾನು ನೀರು ಬಿಟ್ಟು ಗರಗಸ ಹಾಕಿದೆ. ಇವಳು ಪಕ್ಕದಲ್ಲಿ ನಿಂತಿದ್ದಳು. ಎರಡು ಹೋಳನ್ನು ಬಿಡಿಸಿದಾಗ ಬೂದು ಕೆಸರಿನ ಎಳೆ ಎಳೆ ಪದರಗಳ ನಡುವೆ ನಿಂಬೆಹಣ್ಣಿನಷ್ಟು ದೊಡ್ಡದೊಂದು ಉರುಟು ಕಲ್ಲು ಕಂಡಿತು. ತೇಲುವ ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡ ಕಲ್ಲು ಅದು. ಗಡ್ಡೆ ಕರಗಿದಾಗ ಕಲ್ಲು ಸರೋವರದ ತಳಕ್ಕೆ ಬೀಳುತ್ತದೆ, ದಿಂಬಿಗೆ ತಲೆಯಿಟ್ಟ ಹಾಗೆ ಮೆತ್ತನೆಯ ಕೆಸರಿನಲ್ಲಿ ಅದರಡಿ ಗುಳಿ ಬೀಳುತ್ತದೆ. ಇಲ್ಲಿ ಗುಳಿಯಿದ್ದದ್ದು ಕಲ್ಲಿನ ಮೇಲ್ಗಡೆ.

"ಈ ಕಲ್ಲು ಮೇಲಕ್ಕೆ ಬಿದ್ದಿದೆ ನೋಡ್ರೀ," ಎಂದಳು ಮೆಲ್ಲಗೆ.

ಗೆದ್ದವಳು ಅವಳು. ಆದರೆ ಮುಖದಲ್ಲಿ ಗೆದ್ದ ಕಳೆಯೇ ಇರಲಿಲ್ಲ. ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತಳು. ನಾನು ಹೋಳನ್ನು ಒಣಗಿಸಲೆಂದು ಹೊರಳಿಸಿದೆ. ನೀರು ಕುಡಿದ ಹೋಳಿನ ಬೆನ್ನಿನ ಮೇಲೆ ನೀಲಿ ಗೆರೆ ಹೊಳೆಯುತ್ತಿತ್ತು. ಅದರ ಅಡಿಯಲ್ಲಿ, ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ, ಹಳೆಯ ಕೆಂಪು ಬಣ್ಣ ಉಳಿದಿತ್ತು. ಕೆಂಪು ದಾರ ಹಿಡಿದಷ್ಟು ನೆಟ್ಟಗಿತ್ತು. ಮೇಲಿನ ನೀಲಿ ಘಟ್ಟದ ರಸ್ತೆಯಂತೆ ಡೊಂಕಾಗಿತ್ತು. ಅಂಥ ಗೆರೆ ಎಳೆಯುವುದರಲ್ಲಿ ನಮ್ಮಲ್ಲಿ ಎತ್ತಿದ ಕೈ ಇವಳೊಬ್ಬಳದೇ.

ಅವಳೂ ನೋಡಿದಳು.

"ಉಜ್ಜಿ ಉಜ್ಜಿ ತೊಳೆದಿದ್ದು ನಾನು," ಎಂದಳು. "ಬಣ್ಣ ಹೋಯ್ತು ಅಂತ ಮತ್ತೆ ಎಳೆದೆ. ಮೇಜಿನ ಆಚೆ ಬದಿಗೆ ನಿಂತು ಎಳೆದಿದ್ದೀನಿ ಕಣ್ರೀ. ಎಡಗಡೆ ಇದ್ದಿದ್ದೇ ತಲೆ ಅಂದ್ಕೊಂಡು ಕೆಂಪಿನ ಜಾಗಕ್ಕೆ ನೀಲಿ ಹಾಕಿದೆ."

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಆ ಉರುಟು ಕಲ್ಲಿದ್ದ ತುಂಡನ್ನು ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದಳು, ನಾನೂ ಬೆನ್ನಿಗೆ ಹೊರಟೆ.

ಭಾವ ಯಂತ್ರದ ಶೆಡ್ಡಿನಲ್ಲಿ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಕೂತಿದ್ದರು. ನಮ್ಮನ್ನು ಕಂಡು ಏಳಲಿಲ್ಲ.

"ಅಣ್ಣ, ದಿಂಡು ತಲೆಕೆಳಗಾಗಿತ್ತು," ಎಂದಳು ಇವಳು.

ಅವರು ತಲೆ ತಗ್ಗಿಸಿ, "ಹೂಂ" ಎಂದರು.

"ತಿರುಗಿಸಿದ್ದು ನಾನು. ನಿನ್ನ ಗೆರೆ ಸರಿಯಾಗೇ ಇತ್ತು, ಅದರ ಮೇಲೆ ನಾನು ತಪ್ಪಾಗಿ ಎಳೆದಿದ್ದೆ."

ಭಾವ ತುಂಡನ್ನು ಬಟ್ಟೆಯ ಸಮೇತ ತೆಗೆದುಕೊಂಡು ಬೆಳಕಿಗೆ ಹಿಡಿದರು. ನೀಲಿಯ ಅಡಿಯ ಕೆಂಪನ್ನು ಬಹಳ ಹೊತ್ತು ನೋಡಿದರು. ಅವರ ಹೆಗಲು ಸಡಿಲವಾಯಿತು.

"ಮುಂದಿನ ತಿಂಗಳಿಂದ ಯಂತ್ರ ಬೇರೆಯವರಿಗೆ ಕೊಡಿ ಅಂತ ಹೇಳಿಬಿಟ್ಟಿದ್ದೆ," ಎಂದರು. "ಒಂದು ತಪ್ಪಿದೆ ಅಂದ್ರೆ ಹಿಂದೆ ಎಷ್ಟು ತಪ್ಪಿದೆಯೋ ಯಾರಿಗೆ ಗೊತ್ತು ಅಂತ."

"ನೀನು ಕೋಪದಲ್ಲಿ ಬರ್ತಿಲ್ಲ ಅಂದ್ಕೊಂಡಿದ್ದೆ."

"ಕೋಪ ಎಲ್ಲಿ ಬಂತು? ಮುಖ ತೋರಿಸೋಕೆ ನಾಚಿಕೆ. ನನ್ನ ಗೆರೆ ಸರಿ ಅಂತ ನನಗನ್ನಿಸ್ತಾನೇ ಇತ್ತು. ಆದ್ರೆ ಹೇಳಿದ್ದು ನೀನಲ್ವಾ ಪುಟ್ಟಿ. ನೀನು ಹೇಳಿದ್ಮೇಲೆ ನಾನೇ ತಪ್ಪಿರಬೇಕು ಅಂದ್ಕೊಂಡೆ."

ಇವಳ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಭಾವ ಒರೆಸಲು ಕೈ ಎತ್ತಿ, ಗ್ರೀಸ್ ನೋಡಿ ಹಿಂದೆಗೆದರು. ಆಮೇಲೆ ಅಂಗಿಯ ತೋಳಿನಲ್ಲಿ, ಚೊಕ್ಕವಿದ್ದ ಜಾಗ ಹುಡುಕಿ, ಮೆಲ್ಲನೆ ಒರೆಸಿದರು.